ನೀರಿಗೆ ಹೋದವರ ಹೆಸರು

ಬ್ಯಾಲರಾಟ್, ಆಸ್ಟ್ರೇಲಿಯಾ
4 ಆಗಸ್ಟ್ 2024

ಚಿ. ಇಂದುವಿಗೆ ರಾಮನಾಥ ಮಾವನ ಆಶೀರ್ವಾದಗಳು.

ಕಿವಿ ಪೂರ್ತಿ ಕೈಕೊಟ್ಟ ಮೇಲೆ ಫೋನು ನನ್ನ ಪಾಲಿಗೆ ಬರೀ ಗಡಿಯಾರ. ಅದಕ್ಕೇ ಈಮೇಲಿನಲ್ಲಾದರೂ ಪತ್ರವನ್ನು ಪತ್ರದ ಹಾಗೆಯೇ ಬರೆಯುತ್ತಿದ್ದೇನೆ. ನೀನೂ ಹಾಗೆಯೇ ಬರೆಯಬೇಕು. 'ಓಕೆ ಮಾವ' ಎಂದು ಎರಡು ಪದ ಹಾಕಿ ಕೈತೊಳೆದುಕೊಂಡರೆ ನಾನು ಸುಮ್ಮನಿರುವವನಲ್ಲ.

ಸುದ್ದಿ ಏನೆಂದರೆ, ನಮ್ಮ ನಾರ್ಣ ಮರಕಾಲ ಗೆದ್ದ! ಈ ಊರು ಬ್ರಿಟಿಷರ ಕಾಲದಲ್ಲಿ ಚಿನ್ನದ ಆಸೆಗೆ ಹುಟ್ಟಿದ್ದು ನಿನಗೆ ಗೊತ್ತಲ್ಲ. ಆ ಕಾಲದ ಗಣ್ಯರ ಹೆಸರು ಕೆತ್ತಿದ ಕಲ್ಲುಗಳನ್ನು ಸರೋವರದ ದಂಡೆಯುದ್ದಕ್ಕೂ ನಿಲ್ಲಿಸಲು ನಮ್ಮ ಇತಿಹಾಸಾಸಕ್ತರ ಸಂಘ ಹೊರಟಿದೆ. ಗಣ್ಯರೆಂದರೆ ಎಂಥವರು ಕೇಳು. ಚಿನ್ನ ಸಿಗದೆ ಬಿಯರ್ ಕಾಯಿಸಿ ಕೊನೆಗೆ ಮೇಯರ್ ಆದವನೊಬ್ಬ. ಅರ್ಧ ಊರಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿಯೊಬ್ಬಳು. ಎಲ್ಲರ ಮೇಲೂ ಬರೆದು ಎಲ್ಲರಿಂದಲೂ ಏಟು ತಿಂದ ಪತ್ರಿಕೆಯವನೊಬ್ಬ. ಇವರ ಸಾಲಿನಲ್ಲಿ ನಮ್ಮ ಮಲ್ಪೆಯ ಮೊಗವೀರನೂ ನಿಲ್ಲಬೇಕೆಂದು ಹಟ ಹಿಡಿದೆ. ಸಭೆಗಳಲ್ಲಿ ನನಗೆ ಯಾರ ಮಾತೂ ಕೇಳಿಸುವುದಿಲ್ಲವಾದ್ದರಿಂದ ನನ್ನನ್ನು ಸೋಲಿಸಲು ಅವರಿಂದಾಗಲಿಲ್ಲ.

ನಾರ್ಣ ನನ್ನ ಅಜ್ಜಿಯ ಅಜ್ಜಿಗೆ ತಮ್ಮ. ನಮ್ಮಲ್ಲಿ ಬಳಿ, ಅಂದರೆ ಕುಲ, ನಡೆಯುವುದು ತಾಯಿಯ ಕಡೆಯಿಂದ, ಆದ್ದರಿಂದ ಅವನು ನಮ್ಮ ಮನೆಯವನೇ. ಮಂಗಳೂರಿನ ಹೆಂಚು ಹೊತ್ತ ಹಡಗಿನಲ್ಲಿ ಖಲಾಸಿಯಾಗಿ ಬಂದು, ಹಡಗು ಬಿಟ್ಟು ನಡೆದುಕೊಂಡು ಈ ಊರು ಸೇರಿದ. ಚಿನ್ನ ಅಗೆದ ಗುಂಡಿಗಳಲ್ಲೆಲ್ಲ ನೀರು ನಿಂತು ಮಕ್ಕಳು ಮುಳುಗಿ ಸಾಯುತ್ತಿದ್ದ ಕಾಲ ಅದು. ಇವನು ಆ ಮಕ್ಕಳನ್ನು ಸರೋವರಕ್ಕೆ ಕರೆದುಕೊಂಡು ಹೋಗಿ ಈಜು ಕಲಿಸಿದ. 'ಊರಿಗೆ ಈಜು ಕಲಿಸಿದವನು' ಎಂದು ಕಲ್ಲಿನ ಮೇಲೆ ಬರುತ್ತದೆ.

ಜನವರಿಯಲ್ಲಿ ಅನಾವರಣ, ಇಲ್ಲಿ ಆಗ ಬೇಸಿಗೆ. ನಿನ್ನ ಮಗಳು ಶ್ರೇಯಾ ಬರಬೇಕು, ಸರೋವರಕ್ಕಿಳಿದು ಆಚೆ ದಡ ಮುಟ್ಟಿ ಬರಬೇಕು. ಎಲ್ಲರೂ ನೋಡಲಿ, ಮರಕಾಲನ ಮನೆಯ ಹುಡುಗಿ ಎಂದರೆ ಏನು ಎಂದು!

ಈ ಪತ್ರವನ್ನು ನಿನ್ನ ಅಮ್ಮನಿಗೆ ಓದಿ ಹೇಳಬೇಡ. ಅಕ್ಕನಿಗೆ ಹಳೆಯ ಕಟ್ಟುಕಟ್ಟಳೆ ಜಾಸ್ತಿ.

ನಿನ್ನ,
ರಾಮನಾಥ ಮಾವ


ಸಾಂಟಾ ಕ್ಲಾರಾ, ಅಮೆರಿಕ
9 ಆಗಸ್ಟ್ 2024

ಪ್ರೀತಿಯ ಮಾವನಿಗೆ ಇಂದುವಿನ ನಮಸ್ಕಾರಗಳು.

ನಿಮ್ಮ ಪತ್ರ ಓದಿ ನಕ್ಕು ಸಾಕಾಯಿತು. ನಾನು ಹುಟ್ಟಿದ್ದು ಮಲ್ಪೆಯಲ್ಲಿ, ನಾರ್ಣಜ್ಜನ ಹೆಸರು ಕೇಳಿದ್ದು ಮಾತ್ರ ಆಸ್ಟ್ರೇಲಿಯಾದಿಂದ. ಓದಬೇಡ ಎಂದಿರಿ, ನಾನು ಓದಿಬಿಟ್ಟೆ. ಅಮ್ಮ ಹರಿವೆ ಸೊಪ್ಪು ಬಿಡಿಸುತ್ತಿದ್ದರು. ನಾರ್ಣ ಎನ್ನುತ್ತಿದ್ದಂತೆ ಬುಟ್ಟಿ ಅಲ್ಲೇ ಬಿಟ್ಟು ಎದ್ದು ಒಳಗೆ ಹೋದರು. ಊಟಕ್ಕೆ ಕರೆದರೂ ಬರಲಿಲ್ಲ. ಅದೇನು ಕಟ್ಟಳೆಯೋ!

ಶ್ರೇಯಾ ಜನವರಿಯ ವಿಷಯ ಕೇಳಿ ಕುಣಿದಳು. ಕಳೆದ ವಾರ ಈಜುವಾಗ ಅವಳಿಗೆ ಸ್ವಲ್ಪ ತಲೆಸುತ್ತು ಬಂದಿತ್ತು. ಈ ಸಲ ಇಲ್ಲಿ ಬಿಸಿಲು ವಿಪರೀತ. ಈಗ ಆರಾಮಾಗಿದ್ದಾಳೆ. ನಿಮ್ಮ ಅಳಿಯ ಅನೀಶ್ ಸ್ಯಾನ್ ಮಟಿಯೋದ ಆಫೀಸಿಗೆ ವಾರಕ್ಕೆ ಮೂರು ದಿನ ಹೋಗಿ ಬರುತ್ತಾರೆ. ಎಲ್ಲರೂ ಕ್ಷೇಮ.

ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ. ನಾರ್ಣಜ್ಜ ಎಷ್ಟು ವರ್ಷ ಬದುಕಿದ್ದರು? ಕೊನೆಗೆ ಅವರಿಗೆ ಏನಾಯಿತು?

ಧನುಷ್ ಅನಾವರಣಕ್ಕೆ ಬರುತ್ತಾನಲ್ಲ? ಅವನು ಮುನಿಸಿಕೊಂಡು ಪರ್ತ್‌ಗೆ ಹೋಗಿ ಎಷ್ಟು ವರ್ಷವಾಯಿತು ಮಾವ! ಅಪ್ಪ ಮಗ ಇನ್ನಾದರೂ ಒಂದಾಗಿ. ಈ ದೀಪಾವಳಿಗೂ ಅವನ ಕಾರ್ಡನ್ನು ನಿಮ್ಮ ವಿಳಾಸಕ್ಕೇ ಕಳಿಸುತ್ತೇನೆ, ಮುಟ್ಟಿಸಿ.

ನಿಮ್ಮ,
ಇಂದು


ಬ್ಯಾಲರಾಟ್
12 ಆಗಸ್ಟ್ 2024

ಚಿ. ಇಂದುವಿಗೆ ಆಶೀರ್ವಾದಗಳು.

ತಲೆಸುತ್ತಿಗೆ ಬೆಲ್ಲದ ನೀರು ಕೊಡು, ಸಾಕು. ನೀವು ಅಮೆರಿಕದವರು ಸೀನಿದರೂ ಸ್ಕ್ಯಾನ್ ಮಾಡಿಸುತ್ತೀರಿ. ನಮ್ಮ ಮನೆಯವರಿಗೆ ನೀರೆಂದರೆ ಅಂಗಳ. ಅಂಗಳದಲ್ಲಿ ಆಡುವ ಮಗು ಒಮ್ಮೆ ಎಡವಿದರೆ ಯಾರಾದರೂ ಹೆದರುತ್ತಾರೆಯೇ? ಅವಳನ್ನು ಚೆನ್ನಾಗಿ ಈಜಿಸು, ಜನವರಿಗೆ ತಯಾರಾಗಲಿ.

ನಾರ್ಣನ ಕೊನೆ ಕಟ್ಟಿಕೊಂಡು ನಿನಗೇನು? ಕಲ್ಲಿನ ಮೇಲೆ ಅವನು ಬದುಕಿದ್ದು ಇದ್ದರೆ ಸಾಕು ಎಂದು ಸಂಘದವರಿಗೂ ಹೇಳಿದ್ದೇನೆ.

ಧನುಷನ ವಿಷಯ ಬಿಡು.

ರಾಮನಾಥ ಮಾವ


ಸಾಂಟಾ ಕ್ಲಾರಾ
30 ಆಗಸ್ಟ್ 2024

ಪ್ರೀತಿಯ ಮಾವನಿಗೆ ನಮಸ್ಕಾರಗಳು.

ಹಿಂದಿನ ಪತ್ರದಲ್ಲಿ ನಾನು ನಿಜ ಬರೆಯಲಿಲ್ಲ. ಶ್ರೇಯಾಳಿಗೆ ಬಂದದ್ದು ತಲೆಸುತ್ತಲ್ಲ. ಅವಳು ಈಜುಕೊಳದ ತಳದಲ್ಲಿ ಬಿದ್ದಿದ್ದಳು.

ಕ್ಲಬ್ಬಿನ ಪ್ರಾಕ್ಟೀಸು ನಡೆದಿತ್ತು. ಜೋರಾಗಿ ಈಜುತ್ತಾ ಗೋಡೆ ಮುಟ್ಟಿ ತಿರುಗಿದವಳು ಮೇಲೆ ಬರಲೇ ಇಲ್ಲ. ಪಕ್ಕದ ಸಾಲಿನಲ್ಲಿದ್ದ ಅವಳ ಗೆಳತಿ ಶರಣ್ಯಾ ನೋಡಿ ಕೂಗಿಕೊಂಡಳು. ಕೋಚ್ ಧುಮುಕಿ ಎತ್ತಿ, ಬಾಯಿಗೆ ಬಾಯಿಟ್ಟು ಉಸಿರು ತಂದರು. ನಾನು ಹೋಗುವಷ್ಟರಲ್ಲಿ ಟವೆಲ್ ಸುತ್ತಿಕೊಂಡು ಕೂತಿದ್ದಳು, ತುಟಿ ನೀಲಿ. "ಐ ಆಮ್ ಫೈನ್, ಅಮ್ಮಾ. ಡೋಂಟ್ ಮೇಕ್ ಎ ಸೀನ್," ಎಂದಳು.

ಯಾಕೆ ಮುಚ್ಚಿಟ್ಟೆ ಎಂದರೆ, ಹೆಣ್ಣುಮಗುವಿಗೆ ಹೃದಯದ ತೊಂದರೆ ಎಂದು ಒಬ್ಬರ ಕಿವಿಗೆ ಬಿದ್ದರೂ ಉಡುಪಿಯಿಂದ ಇಲ್ಲಿನ ಫ್ರೀಮಾಂಟ್‌ವರೆಗೆ ಎಲ್ಲರ ಬಾಯಲ್ಲೂ ಓಡಾಡುತ್ತದೆ. ನಾಳೆ ಅವಳ ಮದುವೆಯ ಮಾತು ಬಂದಾಗ ಇದೇ ಅಡ್ಡ ನಿಲ್ಲುತ್ತದೆ. ಹದಿನಾರರ ಹುಡುಗಿಯ ಮದುವೆಯ ಚಿಂತೆ ಈಗಲೇ ಯಾಕೆ ಎಂದು ನೀವು ಬೈಯಬಹುದು, ಬೈಯಿರಿ. ಆದರೆ ನನಗೆ ಈಗ ಹೆದರಿಕೆಯಾಗುತ್ತಿದೆ, ಬಚ್ಚಿಡುವ ಶಕ್ತಿ ಇಲ್ಲ.

ಹೃದಯದ ಡಾಕ್ಟರು ಹೇಳಿದ್ದು ಇಷ್ಟು. ಅವಳ ಇಸಿಜಿ ಸರಿ-ತಪ್ಪಿನ ಗಡಿಯಲ್ಲಿದೆ. ಸಾಮಾನ್ಯ ಮೂರ್ಛೆಯೂ ಇರಬಹುದು, ಹೃದಯದ ಬಡಿತದ ಹುಟ್ಟುದೋಷವೂ ಇರಬಹುದು. ಆ ದೋಷವಿದ್ದವರಿಗೆ ನೀರಿನಲ್ಲಿ ಈಜುವಾಗಲೇ ಹೃದಯ ತಾಳ ತಪ್ಪುತ್ತದಂತೆ. ಎಷ್ಟೇ ಚೆನ್ನಾಗಿ ಈಜು ಬಂದರೂ ಕೈಕಾಲು ಬಡಿಯದೆ ಸದ್ದಿಲ್ಲದೆ ಮುಳುಗುತ್ತಾರಂತೆ. ಆಮೇಲೆ ಕೇಳಿದರು, "ನಿಮ್ಮ ಮನೆತನದಲ್ಲಿ ಎಳೆಯ ವಯಸ್ಸಿನವರು ಹೀಗೆ ಇದ್ದಕ್ಕಿದ್ದಂತೆ ಹೋದದ್ದುಂಟೇ? ಈಜು ಬಲ್ಲವರು ಮುಳುಗಿದ್ದುಂಟೇ?"

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ಇಲ್ಲ ಇಲ್ಲ, ನಮ್ಮಲ್ಲಿ ಹಾಗೆ ಯಾರೂ ಇಲ್ಲ. ಕಡಲಿಗೆ ಹೋಗುವ ಮನೆ ನಮ್ಮದು, ಎಲ್ಲ ಗಟ್ಟಿಮುಟ್ಟು," ಎಂದರು. ಆದರೆ ನನ್ನ ಕೈ ಹಿಡಿದಿದ್ದ ಅವರ ಕೈ ತಣ್ಣಗಿತ್ತು.

ಯಾರೂ ಇಲ್ಲ ಎಂದ ಮೇಲೆ ಡಾಕ್ಟರು ಮೂರ್ಛೆಯ ಕಡೆಗೇ ವಾಲಿದರು. ವಂಶದೋಷ ತಿಳಿಯುವ ರಕ್ತಪರೀಕ್ಷೆಯ ಫಲಿತಾಂಶ ಅಕ್ಟೋಬರ್ ಕೊನೆಗೆ ಬರುತ್ತದೆ. ಸೆಪ್ಟೆಂಬರ್ 28ಕ್ಕೆ ಕ್ಲಬ್ಬಿನ ಸ್ಪರ್ಧೆ. ಮನೆತನದ ಕಡೆಯಿಂದ ನಿಜವಾಗಿಯೂ ಏನೂ ಇಲ್ಲವೆಂದರೆ, ಪಕ್ಕದಲ್ಲಿ ಕಾವಲಿಟ್ಟುಕೊಂಡು ಅವಳು ಇಳಿಯಬಹುದು ಎಂದಿದ್ದಾರೆ. ಒಬ್ಬರಾದರೂ ಇದ್ದರೆ ಅವತ್ತೇ ಮಾತ್ರೆ ಶುರು, ನೀರು ಬಂದ್.

ಅನೀಶ್ ಮೈಸೂರಿನವರು, ನಮ್ಮ ಮನೆಯ ಮೌನಗಳು ಅವರಿಗೆ ತಿಳಿಯುವುದಿಲ್ಲ. "ಯಾರೂ ಇಲ್ಲ ಅಂದ್ಮೇಲೆ ಮುಗೀತಲ್ಲ ಇಂದು, ಸುಮ್ನೆ ಯಾಕೆ ಮಗೂನ ಹೆದರಿಸ್ತೀಯ?" ಎನ್ನುತ್ತಾರೆ. ಮಗುವನ್ನು ಹೆದರಿಸುವುದೇನು, ನಾನೇ ಹೆದರಿ ಸಾಯುತ್ತಿದ್ದೇನೆ. ಅವಳು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ನೀರು ಚೆಲ್ಲುವ ಸದ್ದು ಕೇಳುತ್ತೇನೆ. ಸದ್ದು ಒಂದೇ ಸಮ ಬಂದರೆ ಬಾಗಿಲು ಬಡಿಯುತ್ತೇನೆ, ಯಾಕೆಂದರೆ ಮನುಷ್ಯರು ಓಡಾಡುತ್ತಿದ್ದರೆ ಸದ್ದು ಬದಲಾಗಬೇಕಲ್ಲ.

ಮಾವ, ನಮ್ಮ ಮನೆಯ ಹಳೆಯ ಸಂಗತಿ ಗೊತ್ತಿರುವವರು ನೀವು ಮತ್ತು ಅಮ್ಮ ಇಬ್ಬರೇ. ಅಮ್ಮ ಹೇಳಿದ್ದು ನಿಜವೇ? ದಯವಿಟ್ಟು ಬೇಗ ಬರೆಯಿರಿ.

ಇಂದು


ಸಾಂಟಾ ಕ್ಲಾರಾ
8 ಸೆಪ್ಟೆಂಬರ್ 2024

ಮಾವ,

ಉತ್ತರವಿಲ್ಲ. ಬೇರೆ ದಿನಗಳಲ್ಲಿ ಎರಡು ಮೂರು ದಿನದಲ್ಲೇ ಬರೆಯುವವರು ನೀವು. ಮೈಯಲ್ಲಿ ಹುಷಾರಿದೆಯೇ? ಹುಷಾರಿದ್ದೂ ಬರೆಯುತ್ತಿಲ್ಲವೆಂದರೆ ನನ್ನ ಭಯ ಇನ್ನೂ ಹೆಚ್ಚುತ್ತದೆ. ಇಲ್ಲ ಎಂದಾದರೆ 'ಇಲ್ಲ' ಎಂದು ಒಂದೇ ಪದ ಬರೆಯಿರಿ, ಪತ್ರದ ಹಾಗೆ ಬರೆಯಬೇಕೆಂದಿಲ್ಲ.

ಇಂದು


ಬ್ಯಾಲರಾಟ್
19 ಸೆಪ್ಟೆಂಬರ್ 2024

ಚಿ. ಇಂದುವಿಗೆ ಆಶೀರ್ವಾದಗಳು.

ಆಗಬೇಕಾದ ಕೆಲಸ ಮುಗಿಸಿಯೇ ಬರೆಯೋಣವೆಂದು ಕಾದೆ. ನಿನ್ನೆ ಸಂಘದ ಸಭೆಯಲ್ಲಿ ನಾರ್ಣನ ಹೆಸರು ತೆಗೆಸಿದೆ. ಕಾರಣ ಕೇಳಿದರು, ಹೇಳಲಿಲ್ಲ. ಅವನ ಜಾಗಕ್ಕೆ ಕುದುರೆಗೆ ಲಾಳ ಹೊಡೆಯುತ್ತಿದ್ದವನೊಬ್ಬನ ಹೆಸರು ಬರುತ್ತದೆ. ಕೆತ್ತಲು ಶುರು ಮಾಡಿದ್ದ ಕಲ್ಲನ್ನು ನನ್ನ ಕಣ್ಣೆದುರೇ ಒಡೆಸಿದೆ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ನೀರಿಗೆ ಹೋದವರ ಹೆಸರು ಎತ್ತಬಾರದು. ಪಟ ಗೋಡೆಯಿಂದ ಇಳಿಸಬೇಕು, ಹುಟ್ಟುವ ಮಕ್ಕಳಿಗೆ ಆ ಹೆಸರಿಡಬಾರದು. ಊರವರು ಕೇಳಿದರೆ ದೂರ ಎಲ್ಲೋ ದುಡಿಯಲು ಹೋಗಿದ್ದಾನೆ ಎನ್ನಬೇಕು. ಹೆಸರು ಹೇಳಿದರೆ ನೀರಿಗೆ ಮತ್ತೆ ಮನೆಯ ನೆನಪಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಕಲಿತವನು, ಸೇತುವೆ ಕಟ್ಟಿದ ಎಂಜಿನಿಯರು. ಮುದುಕಿಯ ಮಾತು ಎಂದು ನಕ್ಕು ನಾರ್ಣನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಲು ಹೋದೆ. ಸಂಘ ಒಪ್ಪಿದ ವಾರವೇ ನಿನ್ನ ಮಗು ತಳಕ್ಕೆ ಹೋಯಿತು. ನಿನ್ನ ಪತ್ರ ಓದಿದ ದಿನದಿಂದ ನನಗೆ ನಿದ್ದೆಯಿಲ್ಲ. ನಾನೇ ಕೂಗಿ ಕರೆದ ಹಾಗಾಯಿತು.

ಈಗ ತೆಗೆಸಿದ್ದೇನೆ. ಇನ್ನು ಏನೂ ಆಗುವುದಿಲ್ಲ. ಅವಳನ್ನು ನೀರಿನ ಹತ್ತಿರ ಬಿಡಬೇಡ. ನನ್ನನ್ನು ಇನ್ನೇನೂ ಕೇಳಬೇಡ.

ರಾಮನಾಥ ಮಾವ


ಸಾಂಟಾ ಕ್ಲಾರಾ
21 ಸೆಪ್ಟೆಂಬರ್ 2024

ಮಾವ,

ನಮಸ್ಕಾರ ಬರೆಯುವಷ್ಟು ವ್ಯವಧಾನವಿಲ್ಲ, ಕ್ಷಮಿಸಿ. ನಾನು ಕೇಳಿದ್ದು ಹೆಸರು. ನೀವು ಇದ್ದ ಹೆಸರನ್ನೂ ಒಡೆಸಿ ಬಂದಿರಿ.

ನಾರ್ಣಜ್ಜ ನೀರಿನಲ್ಲೇ ಹೋದರು ಎಂದು ಈಗ ಗೊತ್ತಾಯಿತು. ಊರಿಗೇ ಈಜು ಕಲಿಸಿದ ಮನುಷ್ಯ! ಇವತ್ತೇ ಡಾಕ್ಟರಿಗೆ ಬರೆದೆ. ನೂರು ವರ್ಷಕ್ಕೂ ಹಿಂದಿನ ಒಬ್ಬರು ಸಾಲದು, ಹತ್ತಿರದವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಾರೆ. ನಿಮ್ಮ ಪತ್ರ ನೋಡಿದರೆ ಕಟ್ಟಳೆ ಮಾಡುವಷ್ಟು ಜನ ಹೋಗಿದ್ದಾರೆ ಅನ್ನಿಸುತ್ತದೆ. ಒಬ್ಬನಿಗಾಗಿ ಯಾರೂ ಕಟ್ಟಳೆ ಮಾಡುವುದಿಲ್ಲ.

ಅಮ್ಮನನ್ನು ಕೇಳಿದೆ. ಕಾಲು ಹಿಡಿದು ಕೇಳಿದೆ. ಅಮ್ಮ ಎರಡೂ ಕಿವಿ ಮುಚ್ಚಿಕೊಂಡು, "ನನ್ನ ಬಾಯಿಂದ ಹೇಳಿಸಬೇಡ ಮಾರಾಯ್ತಿ, ಮಗು ಮನೆಯೊಳಗೇ ಉಂಟು," ಎಂದು ಅತ್ತರು. ಅಂದರೆ ಮಗುವನ್ನು ಉಳಿಸಲಿಕ್ಕೇ ಅಮ್ಮ ಡಾಕ್ಟರ ಮುಂದೆ ಸುಳ್ಳು ಹೇಳಿದ್ದು. ನೀವು ಕಲ್ಲು ಒಡೆಸಿದ್ದೂ ಅದಕ್ಕೇ. ನೀವಿಬ್ಬರೂ ಉಳಿಸುತ್ತಾ ಉಳಿಸುತ್ತಾ ಅವಳನ್ನು ಕೊಲ್ಲುತ್ತೀರಿ ಮಾವ.

ನಿನ್ನೆ ಸಂಜೆ ಏನಾಯಿತು ಕೇಳಿ. ಶರಣ್ಯಾಳ ಮನೆಯಲ್ಲಿ ಓದಿಕೊಳ್ಳುತ್ತೇನೆಂದು ಹೋದವಳು ಫೋನು ಎತ್ತಲಿಲ್ಲ. ಶರಣ್ಯಾಳ ತಾಯಿಗೆ ಮಾಡಿದರೆ, "ಅವ್ರು ಸ್ಯಾನ್ ಮಟಿಯೋದಲ್ಲಿ ಫ್ರೆಂಡ್ ಅಪಾರ್ಟ್‌ಮೆಂಟಿನ ಪೂಲಿಗೆ ಹೋಗಿದಾರಲ್ಲ, ನಿಮ್ಗೆ ಹೇಳ್ಲಿಲ್ವಾ?" ಎಂದರು. ಫ್ರೀವೇ ತುಂಬ ಕಾರುಗಳು, ಒಂದೂ ಅಲುಗುತ್ತಿಲ್ಲ. ನಾನು ಕಾರಿನೊಳಗೆ ಕೂತು ಹುಚ್ಚಿಯ ಹಾಗೆ ಕೂಗಿದೆ. ಪಕ್ಕದ ಕಾರಿನವನು ಗಾಜು ಏರಿಸಿಕೊಂಡ. ಅನೀಶ್ ಆಫೀಸಿನಿಂದ ಓಡಿ ನನಗಿಂತ ಮೊದಲು ತಲುಪಿದ್ದರು. ನಾನು ಹೋದಾಗ ಅವಳು ಕೊಳದ ಅಂಚಿನಲ್ಲಿ ನಿಂತಿದ್ದಳು, ಮೈಯಿಂದ ನೀರು ಇಳಿಯುತ್ತಿತ್ತು. "ಸೀ? ಐ ಡಿಡ್ ಟ್ವೆಂಟಿ ಲ್ಯಾಪ್ಸ್. ನಥಿಂಗ್ ಹ್ಯಾಪನ್ಡ್!" ಎಂದು ನಕ್ಕಳು.

ಏನೂ ಆಗಲಿಲ್ಲ ಎನ್ನುವುದೇ ನನಗೆ ದೊಡ್ಡ ಭಯವಾಗಿದೆ. ಅನೀಶ್ ಅವಳ ಮಾತು ನಂಬಿಬಿಟ್ಟರು. "ಸ್ಪರ್ಧೆಗೆ ಬಿಡೋಣ, ನಾನೇ ಪಕ್ಕದಲ್ಲಿ ನಿಂತಿರ್ತೀನಿ," ಎನ್ನುತ್ತಿದ್ದಾರೆ. ಮುಂದಿನ ಶನಿವಾರ ಅವಳು ನೀರಿಗೆ ಇಳಿಯುತ್ತಾಳೆ. ಅವಳನ್ನು ತಡೆಯಲು ನನ್ನ ಹತ್ತಿರ ಭಯ ಬಿಟ್ಟರೆ ಬೇರೇನೂ ಇಲ್ಲ. ಹದಿನಾರು ವರ್ಷದ ಹುಡುಗಿ ತಾಯಿಯ ಭಯಕ್ಕೆ ಬೆಲೆ ಕೊಡುವುದಿಲ್ಲ.

ಯಾರು ಯಾರು ಹೋದರು, ಎಷ್ಟು ವಯಸ್ಸು, ಹೇಗೆ ಹೋದರು, ಹೇಳಿ. ನೀರಿಗೆ ನಮ್ಮ ಮನೆಯ ದಾರಿ ಗೊತ್ತಾಗಿ ಆಯಿತು ಮಾವ. ಗೊತ್ತಿಲ್ಲದಿರುವುದು ನನಗೆ ಮಾತ್ರ.

ಇಂದು


ಬ್ಯಾಲರಾಟ್
24 ಸೆಪ್ಟೆಂಬರ್ 2024

ಇಂದು,

ಎರಡು ದಿನದಿಂದ ಬರೆದು ಬರೆದು ಅಳಿಸಿದೆ. ಇದನ್ನು ಬರೆದದ್ದಕ್ಕೆ ಅಲ್ಲಿ ಮಗುವಿಗೆ ಏನಾದರೂ ಆದರೆ ನಾನು ಉಳಿಯುವವನಲ್ಲ. ಬರೆಯದೆ ಏನಾದರೂ ಆದರೂ ಅಷ್ಟೇ. ಆದ್ದರಿಂದ ಬರೆಯುತ್ತೇನೆ. ನಾನು ಬರೆದ ಹಾಗೆಯೇ ಡಾಕ್ಟರಿಗೆ ಹೇಳು.

ನಾರ್ಣ ಮರಕಾಲ. ಮೂವತ್ತಮೂರು ವರ್ಷ. ಇದೇ ಸರೋವರ. ಗಾಳಿ ಇರಲಿಲ್ಲ, ಅಲೆ ಇರಲಿಲ್ಲ. ಅವನಿಂದ ಈಜು ಕಲಿಯುತ್ತಿದ್ದ ಮಕ್ಕಳು ದಡದಲ್ಲಿ ಕೂತು ನೋಡುತ್ತಿದ್ದರು. ಆಟವಾಡುತ್ತಿದ್ದಾನೆ ಎಂದುಕೊಂಡು ನಗುತ್ತಲೇ ಇದ್ದರಂತೆ.

ಕೂಸಪ್ಪ. ನನ್ನ ಅಮ್ಮನ ಅಣ್ಣ. ಇಪ್ಪತ್ತು ದಾಟಿರಲಿಲ್ಲ. ಮಲ್ಪೆಯ ಅಳಿವೆಯಲ್ಲಿ, ದೋಣಿಯಿಂದ ದಡಕ್ಕೆ ಈಜುವಾಗ. ಬೊಂಬಾಯಿಗೆ ಹೋದ ಎಂದು ನಮಗೆ ಹೇಳಿದ್ದರು.

ಗಿರಿಜ. ನಮ್ಮ ತಂಗಿ, ನಿನ್ನ ಚಿಕ್ಕಮ್ಮ. ಹನ್ನೆರಡು ವರ್ಷ. ನಿನಗೆ ಚಿಕ್ಕಮ್ಮ ಇದ್ದಳು ಎನ್ನುವುದೇ ಗೊತ್ತಿಲ್ಲ. ಹೊಳೆಯಲ್ಲಿ ನಿನ್ನ ಅಮ್ಮನ ಜೊತೆ ಪಂದ್ಯ ಕಟ್ಟಿ ಈಜುತ್ತಿದ್ದಳು. ಅಕ್ಕ ಗೆದ್ದು ದಡ ಹತ್ತಿ ತಿರುಗಿ ನೋಡಿದರೆ ಹೊಳೆಯಲ್ಲಿ ಯಾರೂ ಇರಲಿಲ್ಲ. ಅಕ್ಕನ ಮೇಲೆ ಸಿಟ್ಟು ಮಾಡಬೇಡ.

ಇನ್ನೊಬ್ಬ ಇದ್ದಾನೆ.

ಧನುಷ್ ಪರ್ತ್‌ನಲ್ಲಿಲ್ಲ. ನನ್ನ ಮೇಲೆ ಅವನಿಗೆ ಯಾವತ್ತೂ ಮುನಿಸು ಇರಲಿಲ್ಲ. 2011ರ ಫೆಬ್ರವರಿಯಲ್ಲಿ ಗೆಳೆಯರ ಜೊತೆ ಈಜಲು ಹೋದ. ನೀರಿನಲ್ಲಿ ಅವನಷ್ಟು ಗಟ್ಟಿ ಹುಡುಗ ಇಲ್ಲಿ ಇನ್ನೊಬ್ಬನಿರಲಿಲ್ಲ. ದೇಹ ಪರೀಕ್ಷಿಸಿದ ಡಾಕ್ಟರು ಹೃದಯದಲ್ಲಿ ಯಾವ ತೊಂದರೆಯೂ ಕಾಣುತ್ತಿಲ್ಲ ಎಂದರು. ಕಾರಣ ಸಿಗದ ಮೇಲೆ ನನ್ನ ಓದೆಲ್ಲ ಮೂಲೆಗೆ ಹೋಯಿತು, ಅಜ್ಜಿಯ ಮಾತು ಉಳಿಯಿತು. ಅಕ್ಕನಿಗೂ ಹೇಳಲಿಲ್ಲ, ಯಾಕೆಂದರೆ ನಿನ್ನ ಶ್ರೇಯಾ ಆಗಿನ್ನೂ ಎರಡು ಮೂರು ವರ್ಷದ ಮಗು. ಪರ್ತ್ ಎಂದುಬಿಟ್ಟೆ. ನಿನ್ನ ಅತ್ತೆ ತೀರಿಕೊಳ್ಳುವ ತನಕ ಗಂಡ ಹೆಂಡತಿ ಇಬ್ಬರೂ ಅವನ ಹೆಸರೆತ್ತದೆ ಒಂದೇ ಮನೆಯಲ್ಲಿ ಬದುಕಿದೆವು. ಅವಳು ಒಮ್ಮೊಮ್ಮೆ ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು, ನಾನು ಎದ್ದು ಹೋಗುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ನಾರ್ಣನ ಹೆಸರು ಕಲ್ಲಿನ ಮೇಲೆ ಬರಲಿ ಎಂದು ಹಟ ಹಿಡಿದದ್ದೂ ಇದಕ್ಕೇ ಇರಬೇಕು. ನನ್ನ ಮಗನ ಹೆಸರು ಹೇಳಲಾರದವನು ಅವನ ಹೆಸರು ಹೇಳಲು ಹೊರಟೆ.

ಡಾಕ್ಟರಿಗೆ ಹತ್ತಿರದವರು ಬೇಕು ಎಂದೆಯಲ್ಲ. ಬರೆದುಕೊ. ಧನುಷ್. ಹತ್ತೊಂಬತ್ತು ವರ್ಷ. ರಾಮನಾಥನ ಮಗ.

ಶನಿವಾರದ ಒಳಗೆ ಇದನ್ನು ಓದಿದೆ ಎಂದು ಒಂದು ಸಾಲು ಬರೆ.

ಮಾವ


ಸಾಂಟಾ ಕ್ಲಾರಾ
27 ಸೆಪ್ಟೆಂಬರ್ 2024

ಪ್ರೀತಿಯ ಮಾವನಿಗೆ ಇಂದುವಿನ ನಮಸ್ಕಾರಗಳು.

'ಓದಿದೆ' ಎಂದು ಆಗಲೇ ಒಂದು ಸಾಲು ಕಳಿಸಿದ್ದು ಮುಟ್ಟಿರಬೇಕು. ನಾಲ್ಕು ಹೆಸರುಗಳನ್ನೂ ಡಾಕ್ಟರಿಗೆ ಹೇಳಿದೆ. ಅವರು ಒಂದೊಂದನ್ನೂ ವಯಸ್ಸಿನ ಸಮೇತ ಬರೆದುಕೊಂಡರು. ಅವತ್ತೇ ಮಾತ್ರೆ ಶುರು ಮಾಡಿಸಿದರು. ನೀರು ಸಂಪೂರ್ಣ ಬಂದ್. ನನಗೂ ಅಮ್ಮನಿಗೂ ಇಸಿಜಿ ಮಾಡಿದರು, ಇಬ್ಬರದ್ದೂ ಸರಿಯಿಲ್ಲ. ಮಗಳಿಗೆ ಇದು ಬಂದದ್ದು ನನ್ನಿಂದ. ನಿಮಗೂ ಇರುತ್ತದೆ ಎನ್ನುತ್ತಾರೆ. ನಾಳೆಯೇ ಹೋಗಿ ತೋರಿಸಿ, ಹಟ ಮಾಡಬೇಡಿ.

ಶ್ರೇಯಾ ಬಾಗಿಲು ಹಾಕಿಕೊಂಡು ಅತ್ತಳು. "ಸೋ ಐ ಕಾಂಟ್ ಸ್ವಿಮ್? ಎವರ್?" ಎಂದು ಕೇಳಿದಳು. ಡಾಕ್ಟರನ್ನು ಕೇಳೋಣ ಎಂದೆ, ಬೇರೆ ಏನು ಹೇಳಲಿ? ಆಮೇಲೆ ತಾನಾಗಿ ಬಂದು ಧನುಷ್ ಅಂಕಲ್ ಹೇಗಿದ್ದರು ಎಂದು ಕೇಳಿದಳು. ಅನೀಶ್ ಸ್ಪರ್ಧೆಯ ಚೀಟಿ ಹರಿದು, ನನ್ನ ಮುಖ ನೋಡಲಾಗದೆ ಹೊರಗೆ ಹೋಗಿ ಕಾರು ತೊಳೆದರು. ನನ್ನ ಹೆದರಿಕೆ ಹೋಗಿಲ್ಲ ಮಾವ, ಬಚ್ಚಲಿನ ಬಾಗಿಲಲ್ಲಿ ಈಗಲೂ ನಿಲ್ಲುತ್ತೇನೆ.

ಅಮ್ಮನಿಗೆ ನಿಮ್ಮ ಪತ್ರವನ್ನು ಪೂರ್ತಿ ಓದಿ ಹೇಳಿದೆ. ಗಿರಿಜ ಎಂದಾಗ ಕಣ್ಣು ಮುಚ್ಚಿದರು, ಎದ್ದು ಹೋಗಲಿಲ್ಲ. ಧನುಷ್ ಎಂದಾಗ ನನ್ನ ಕೈಯಿಂದ ಫೋನು ಕಸಿದುಕೊಂಡು, ಕನ್ನಡಕ ಹಾಕಿ, ಆ ಸಾಲನ್ನು ತಾವೇ ಓದಿದರು. ಆಮೇಲೆ ಒಂದೇ ಮಾತು ಕೇಳಿದರು. ನಿಮಗೆ ಬರೆಯಲು ಹೇಳಿದ್ದಾರೆ, ಉತ್ತರ ಬರುವ ತನಕ ಊಟ ಮಾಡುವುದಿಲ್ಲವೆಂದು ಕೂತಿದ್ದಾರೆ.

"ನನ್ನ ಧನುಷ್ ಅವತ್ತು ನೀರಿಗೆ ಹೋಗುವ ಮೊದಲು ಹೊಟ್ಟೆಗೆ ಏನಾದರೂ ತಿಂದಿದ್ದನಾ? ರಾಮನಾಥನ ಹತ್ತಿರ ಕೇಳು."

ನಿಮ್ಮ,
ಇಂದು